ಬೀಗ ಕಿತ್ತರೂ ಪಾಸು

ಬ್ರಿಸ್ಬೇನಿನ ದೋಣಿಕಟ್ಟೆಯ ಸಾಲಿನಲ್ಲಿ ನನ್ನ ಮುಂದೆ ಟೀಗನ್ ಎಂಬವಳೂ ಡಾರ್ಸಿ ಎಂಬವನೂ ನಿಂತಿದ್ದರು. ಜನರ ದುಡ್ಡನ್ನು ತಾವೇ ಕಾದು ಹಂಚುವ ಪ್ರೋಗ್ರಾಮುಗಳಾದ ಸ್ಮಾರ್ಟ್ ಕಾಂಟ್ರಾಕ್ಟ್‌ಗಳನ್ನು ಪರೀಕ್ಷಿಸುವ ಕೋಡ್ ಲೈಬ್ರರಿಯನ್ನು ಇಬ್ಬರೂ ಒಂದೊಂದು ಬರೆದಿದ್ದರು. ಇಬ್ಬರೂ ಬಾಡಿಹೋಗಿದ್ದರು.

"ಎಲ್ಲಾ ಟೆಸ್ಟೂ ಪಾಸು ಕಣೇ. ಇನ್ನೇನು ನಿನ್ನ ಗೋಳು?"

"ಡಾರ್ಸಿ, ಕಾಂಟ್ರಾಕ್ಟಲ್ಲಿ ದುಡ್ಡು ಕಾಯೋ ಬೀಗಾನೇ ಕಿತ್ತು ಟೆಸ್ಟ್ ಓಡಿಸ್ದೆ. ಆಗ್ಲೂ ಪಾಸು."

"ಕಳ್ಳ ಬಂದು ದುಡ್ಡು ತೆಗೀಬಾರ್ದು ಅನ್ನೋ ಟೆಸ್ಟೂನಾ?"

"ಅದೂನೂ. ನಿನ್ನ ಲೈಬ್ರರಿ ಒಂದೇ ಇದ್ರೆ ಕಳ್ಳನ್ನ ಹಿಡಿಯುತ್ತೆ, ನಂದೊಂದೇ ಇದ್ರೂ ಹಿಡಿಯುತ್ತೆ. ಒಟ್ಟಿಗೆ ಹಾಕಿದ್ರೆ ಇನ್ನೊಂದು ನೋಡ್ಕೊಳ್ಳುತ್ತೆ ಅಂತ ಎರಡೂ ಸುಮ್ನಿರ್ತವೆ."

"ನಿಂದು ಹೊಸದು. ನೀನೇ ಬಗ್ಗು."

"ಎಷ್ಟು ಸಲ ಬಗ್ಗಲಿ ಮಾರಾಯ? ಸೊಂಟ ಬಿತ್ತು."

"ಮುಂದಿನ ತಿಂಗಳು ಕೂತು ಸರಿಮಾಡೋಣ ಬಿಡು."

"ನಾಳೆ ಸೀಗಡಿ ಹಿಡಿಯೋರ ಸಂಘದ ದುಡ್ಡೆಲ್ಲಾ ಆ ಕಾಂಟ್ರಾಕ್ಟಿನೊಳಗೆ ಬೀಳುತ್ತೆ. ಆಮೇಲೆ ದೇವ್ರು ಬಂದ್ರೂ ತಿದ್ದಕ್ಕಾಗಲ್ಲ."

ಅವನು ಕೆನ್ನೆ ಉಜ್ಜಿಕೊಂಡ. "ಅವ್ರಿಗೆ ಹೇಳಿದ್ಯಾ?"

"ಹೇಳ್ದೆ. ಡಾರ್ಸಿ ಪಾಸು ಅಂದಿದಾನೆ, ಅವನೇ ಬೇಡ ಅಂದ್ರೆ ನಿಲ್ಲಿಸ್ತೀವಿ ಅಂದ್ರು."

ಅವನಿಗೊಂದು ಬೈಗುಳ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರ ದೋಣಿ ಬಂತು. ಅವನು ಫೋನು ತೆಗೆದ.

"ತಪ್ಪು ನಂದು ಅನ್ಲಾ, ನಮ್ದು ಅನ್ಲಾ?"

"ಮೊದ್ಲು ನಿಲ್ಲಿಸಿ ಅನ್ನು."

ಅವಳು ದೋಣಿ ಹತ್ತಿದಳು. ಅವನು ಫೋನನ್ನು ಕಿವಿಗಿಟ್ಟುಕೊಂಡೇ ಅವಳ ಹಿಂದೆ ನಡೆದ.