ಬೆಂಚಿನ ತನಕ ಕೇಳಿಸದ ಸದ್ದು

...ಅಷ್ಟೇ ಅಲ್ಲ ಮೇಸ್ತ್ರಿ, ಹಣೆಗೆ ಐದು ಹೊಲಿಗೆ ಹಾಕಿಸ್ಕೊಂಡು ಕೂತಿದ್ದಾನೆ ಆ ಕೈದಿ ಭೂಪ! ಯಾರು ಹೊಡೆದ್ರು ಅಂತ ಕೇಳಿದ್ರೆ, ಯಾರೂ ಹೊಡೀಲಿಲ್ಲ, ನಾನೇ ಗಾಡಿಯೊಳಗೆ ತಗಡಿಗೆ ಚಚ್ಕೊಂಡೆ ಅಂತಾನೆ. ಯಾಕಪ್ಪಾ ಅಂದ್ರೆ... ನಾಯಿಗೋಸ್ಕರವಂತೆ! ನಾಯಿಗೋಸ್ಕರ! ಯಾಕೆ, ನಿನಗೆ ನಗು ಬರಲ್ವಾ? ಇಡೀ ಠಾಣೆ ಬಿದ್ದು ಬಿದ್ದು ನಕ್ಕಿತು.

ಏ, ಏ, ಆ ಸ್ಪ್ಯಾನರ್ ಕೆಳಗಿಡು. ಈ ಗಾಡಿದು ಏನೂ ಬಿಚ್ಚೋದು ಬೇಕಾಗಿಲ್ಲ. ನೀನು ಮಾಡ್ಬೇಕಾದ್ದು ಒಂದು ಸಹಿ. ಇಗೋ, ನಾನೇ ಬರ್ಕೊಂಡು ಬಂದಿದ್ದೀನಿ, ನಿನ್ನ ಕಾಗುಣಿತ ನನಗೆ ಗೊತ್ತಿಲ್ವಾ! "ಗಸ್ತು ಗಾಡಿಯ ಹಿಂಭಾಗದಲ್ಲಿ ಫ್ಯಾನಿನ ತಂತಿಯನ್ನು ಕೈದಿ ಕಿತ್ತಿರುತ್ತಾನೆ. ಆ ಕಾರಣ ನಾಯಿಗೆ ಬಿಸಿಲಿನ ತಾಪ ತಗುಲಿರುತ್ತದೆ." ಎರಡೇ ಸಾಲು. ಗಾಡಿಗೆ ಗೂಡು ಕೂರಿಸಿದ ಫಿಟ್ಟರ್ ನೀನು, ನೀನು ಹೌದು ಅಂದ್ರೆ ಹೌದು. ಮುಗೀತು.

ನಾಯಿನಾ? ಇದೆ, ಇದೆ, ಸತ್ತಿಲ್ಲ. ಆಸ್ಪತ್ರೆಯಲ್ಲಿ ಮಲಗಿಸಿ ಬಾಟ್ಲಿ ಏರಿಸ್ತಿದ್ದಾರೆ, ಮಹಾರಾಣಿಗೆ ಏರಿಸ್ದಂಗೆ! ಅದನ್ನ ಸಾಕೋ ಪೇದೆ ಇದ್ದಾನಲ್ಲ, ಅವನು ನಿನ್ನೆಯಿಂದ ತುತ್ತು ಬಾಯಿಗಿಟ್ಟಿಲ್ಲ. ಹೆಂಡ್ತಿ ಹೆರಿಗೆಗೆ ಹೋದಾಗ ಹೊಟ್ಟೆ ತುಂಬ ಉಂಡವನು ಇವನು! ಥೂ.

ಯಾವ ನಾಯಿಯಾ? ಅದೇ, ಆ ತಂತಿ ಕಳ್ಳನ್ನ ಹಿಡಿದುಕೊಟ್ಟ ನಾಯಿ. ಆರು ತಿಂಗಳ ಹಿಂದೆ ಗೋದಾಮಿನ ಹಿಂದೆ ಅವನ ಮೀನಖಂಡಕ್ಕೆ ಬಾಯಿ ಹಾಕಿತ್ತಲ್ಲ, ಅದೇ. ಈಗ ಹೇಳು, ತನ್ನ ಕಾಲು ಹರಿದ ನಾಯಿಗೆ ಯಾವನಾದ್ರೂ ಕುಡಿಯೋ ನೀರು ಸುರೀತಾನಾ? ಬಾಯಲ್ಲಿ ಬಾಟ್ಲಿ ಕಚ್ಚಿ ಹಿಡ್ಕೊಂಡು, ಬೇಡಿ ಹಾಕಿದ ಕೈಯಲ್ಲಿ ಅಂಗಿ ಹರಿದು ಒದ್ದೆ ಮಾಡಿ, ಜಾಲರಿಯ ಸಂದಿನಿಂದ ಆಚೆ ತುರುಕಿದನಂತೆ. ಕತೆ ಕಟ್ಟೋದಕ್ಕೂ ಒಂದು ಮಿತಿ ಬೇಡ್ವಾ?

ಏನು? ಒದ್ದೆ ಅಂಗಿ ಚೂರು ನಾಯಿ ಗೂಡಲ್ಲೇ ಸಿಕ್ತಲ್ಲ ಅಂತೀಯಾ? ಓಹೋ, ಅದೂ ನಿನ್ನ ಕಿವಿಗೆ ಬಿತ್ತಾ... ಸಿಕ್ತಪ್ಪ, ಸಿಕ್ತು. ಉಸಿರು ಕಟ್ಟಿಸಿ ಸಾಯಿಸೋಣ ಅಂತ ತುರುಕಿರ್ತಾನೆ! ಅಂಥವರ ಬುದ್ಧಿ ನಿನಗೇನು ಗೊತ್ತು? ಇಪ್ಪತ್ತೆರಡು ವರ್ಷದಿಂದ ಇಂಥವರನ್ನ ಹಿಂದೆ ಕೂರಿಸ್ಕೊಂಡು ಗಾಡಿ ಓಡಿಸಿದ್ದೀನಿ. ಒಬ್ಬ ಹೊಟ್ಟೆನೋವು ಅಂತಾನೆ, ಒಬ್ಬ ಎದೆನೋವು ಅಂತಾನೆ. ಎಲ್ಲಾ ನಾಟಕ. ಬರೋ ಸೋಮವಾರ ಬಿಡುಗಡೆ ಆಗ್ಬೇಕಿತ್ತು ಇವನಿಗೆ. ಮಗಳು ಬಾಗಿಲಲ್ಲಿ ನಿಂತು ದಿನ ಎಣಿಸ್ತಿದ್ದಾಳಂತೆ, ಎಣಿಸ್ಲಿ! ನೀನು ಸಹಿ ಹಾಕಿದ್ರೆ ಇನ್ನೊಂದು ಎರಡು ವರ್ಷ ನೆಮ್ಮದಿಯಾಗಿ ಎಣಿಸ್ಬಹುದು.

ಯಾಕೆ ತಲೆ ಅಲ್ಲಾಡಿಸ್ತೀಯಾ?

ಆಯ್ತು, ಹೇಳ್ತೀನಿ, ಕೇಳು. ಇನ್ನೊಂದು ನಾಯಿ ಗಾಡಿ ನಿನ್ನ ಶೆಡ್ಡಲ್ಲೇ ಚಕ್ರ ಬಿಚ್ಕೊಂಡು ಬಿದ್ದಿದೆ. ಹಾಗಾಗಿ ಇಬ್ಬರನ್ನೂ ಒಂದೇ ಗಾಡಿಲಿ ಸಾಗಿಸ್ಬೇಕಾಯ್ತು. ಈ ಕಡೆ ನಾಯಿ ಗೂಡು, ಆ ಕಡೆ ಕೈದಿ ಸೀಟು, ನಡುವೆ ನೀನೇ ಬೆಸೆದ ತಗಡು, ಮೇಲೊಂದು ಗೇಣು ಜಾಲರಿ. ಕೋರ್ಟಿನ ಮುಂದೆ ನಿಲ್ಲಿಸ್ದೆ. ನಾಯಿಯವನು ಬೇರೆ ಕೇಸಿಗೆ ಸಾಕ್ಷಿ ಹೇಳೋಕೆ ಒಳಗೆ ಹೋದ, ಬೆಂಗಾವಲಿನವನು ಕೈದಿ ಬಿಡುಗಡೆ ಕಾಗದಕ್ಕೆ ಮೊಹರು ಹಾಕಿಸೋಕೆ ಹೋದ. ನಾನು... ಇಂಜಿನ್ ಆಫ್ ಮಾಡಿ ಕೀ ತಗೊಂಡೆ. ಮತ್ತೆ? ಕೀ ಅದರಲ್ಲೇ ಬಿಟ್ಟು ಹೋಗ್ಲಾ? ಗಾಡಿಲಿ ಕಳ್ಳ ಕೂತಿದ್ದಾನೆ, ಸ್ವಾಮಿ!

ಗೊತ್ತು, ಗೊತ್ತು, ನಾಯಿ ಒಳಗಿದ್ದಾಗ ಇಂಜಿನ್ ನಿಲ್ಲಿಸ್ಬಾರ್ದು. ನೀನೇ ಕೆಂಪು ಬಣ್ಣದಲ್ಲಿ ಬರೆದು ಅಂಟಿಸಿದ್ದೀಯಲ್ಲ ಕನ್ನಡಿ ಪಕ್ಕ. ಆದ್ರೆ ಅದಕ್ಕೇ ಅಲ್ವಾ ಆ ಅಲಾರಂ ಇರೋದು? ಒಳಗೆ ಕಾವು ಏರಿದ್ರೆ ತಾನಾಗೇ ಹಾರ್ನ್ ಹೊಡ್ಕೊಳ್ಳತ್ತೆ, ಕಿಟಕಿ ಇಳಿಯತ್ತೆ, ಫ್ಯಾನ್ ತಿರುಗತ್ತೆ. ಹೊಡ್ಕೊಳ್ಳಲಿಲ್ಲ! ಯಾಕೆ? ಅವನು ತಂತಿ ಕಿತ್ತಿದ್ದಾನೆ. ತಂತಿ ಕೀಳೋದೇ ಅವನ ಕಸುಬು. ಇಷ್ಟು ಸರಳ ಮಾತು ನಿನ್ನ ತಲೆಗೆ ಹೋಗಲ್ವಲ್ಲ!

...ಅಲ್ಲಿ ಏನು ನೋಡ್ತೀಯ? ತಂತಿ ಹಿಂದೆ ಇರೋದು. ಮುಂದೆ ಸ್ಟಿಯರಿಂಗ್ ಕೆಳಗೆ ಕೈ ಯಾಕೆ ಹಾಕ್ತೀಯ? ಮೇಸ್ತ್ರಿ, ಹೇಳ್ತಿದ್ದೀನಿ ಅಲ್ವಾ, ಹಿಂದೆ ನೋಡು...

ಅದಾ. ಅದು... ರಟ್ಟಿನ ಚೂರು ಅಷ್ಟೇ.

ಸರಿಯಪ್ಪ, ನಾನೇ ಸಿಕ್ಕಿಸಿದ್ದು! ಅಲಾರಂ, ಫ್ಯಾನು ಎಲ್ಲಾ ಬಂದ್ ಮಾಡೋ ಗುಂಡಿ ಒತ್ತಿಕೊಂಡೇ ಇರ್ಲಿ ಅಂತ. ಎಲ್ಲ ಡ್ರೈವರ್‌ಗಳೂ ಸಿಕ್ಕಿಸ್ತಾರೆ, ಹೋಗಿ ಹತ್ತು ಗಾಡಿ ತೆಗೆದು ನೋಡು, ಒಂಬತ್ತರಲ್ಲಿ ಸಿಗತ್ತೆ. ಎರಡು ನಿಮಿಷ ನಿಲ್ಲಿಸಿದ್ರೆ ಸಾಕು, ಬೊಬ್ಬೆ ಹೊಡೆಯತ್ತೆ ನಿನ್ನ ಯಂತ್ರ. ಒಂದ್ಸಲ ಸಾಹೇಬ್ರ ಮನೆ ಮುಂದೆ ಹೊಡ್ಕೊಂಡು, ಅವರ ಅತ್ತೆ ಎದ್ದು ಬಂದು ನನಗೆ ಬೈದದ್ದು ನಿನಗೆ ಗೊತ್ತಾ? ಈ ವಯಸ್ಸಲ್ಲಿ ನಾಯಿ ದೆಸೆಯಿಂದ ಆ ಮುದುಕಿ ಕೈಲಿ ಬೈಸ್ಕೊಳ್ಬೇಕಾ ನಾನು? ರಟ್ಟು ಸಿಕ್ಕಿಸಿದ್ರೆ ಏನಾಯ್ತು ಈಗ? ನಾನು ಇದ್ದೆನಲ್ಲ! ಏನಾದ್ರೂ ಆದ್ರೆ ನೋಡ್ಕೊಳ್ಳೋಕೆ ಮನುಷ್ಯ ಇದ್ದ!

ಎಲ್ಲಿದ್ದೆ ಅಂದ್ರೆ... ಅಲ್ಲೇ. ಸ್ವಲ್ಪ ದೂರ. ಮರದ ಕೆಳಗೆ ಬೆಂಚು. ಇಲ್ಲಿಂದ ನಿನ್ನ ಗೇಟಿನ ಪಕ್ಕದ ಬೆಂಚು ಇದೆಯಲ್ಲ, ಅಷ್ಟು ದೂರ ಅಂತಿಟ್ಕೋ. ಇಲ್ಲ, ಇಲ್ಲ, ಏನೂ ಕೇಳಿಸ್ಲಿಲ್ಲ. ಬರೆದೂ ಕೊಟ್ಟಿದ್ದೀನಿ ಹಾಗೇ. ನಿನ್ನ ತಗಡು ಅಷ್ಟು ದಪ್ಪ, ಒಳಗಿನವನು ಹೆಣವಾಗಿ ಬಿದ್ದರೂ ಹೊರಗೆ ಗೊತ್ತಾಗಲ್ಲ.

ಏನು? ಹೋಗಿ ಕೂರ್ಲಾ? ಅಲ್ಲೇ? ನೀನು ಗಾಡಿ ಒಳಗೆ ಹೋಗಿ... ಓ, ಪರೀಕ್ಷೆನಾ! ಭಲೇ! ಗ್ರೀಸ್ ಒರೆಸೋನು ನನಗೆ ಪರೀಕ್ಷೆ ಇಡ್ತಾನೆ! ಇಡಪ್ಪ, ಇಡು. ಕೂತೆ, ನೋಡು. ಕಾಲ ಮೇಲೆ ಕಾಲು ಹಾಕಿ ಕೂತಿದ್ದೀನಿ. ಬಾಗಿಲು ಹಾಕ್ಕೊಂಡ್ಯಾ? ಬಡಿ!

ಬಡಿಯಯ್ಯಾ!

...ಹ್ಹ! ಇದೇನು ಬಡಿತ? ಇಲಿ ಕೆರೆದಂಗೆ! ಹಾಗೆ ಬೆರಳಲ್ಲಿ ಕುಟ್ಟಿದ್ರೆ ಏನು ಕೇಳಿಸತ್ತೆ? ಅವನು ಅಷ್ಟು ಮೆತ್ತಗೆ ಎಲ್ಲಿ ಬಡಿದ! ಧಡ್ ಧಡ್ ಧಡ್ ಅಂತ ಮೂರು ಸಲ, ಆಮೇಲೆ ಒಂಚೂರು ಸುಮ್ಮನಾಗೋದು, ಮತ್ತೆ ಮೂರು. ಕೊನೆಕೊನೆಗೆ ಒಂದೊಂದೇ...

...

ಬಾಗಿಲು ಯಾಕೆ ತೆಗೆದೆ? ಬಡಿ ಇನ್ನೊಂದ್ಸಲ. ಜೋರಾಗಿ ಬಡಿ.

ಹಾಗೆ ನೋಡ್ಬೇಡ ನನ್ನ.

ಮೇಸ್ತ್ರಿ, ಬೈಯಿ, ಪರವಾಗಿಲ್ಲ... ಕೇಳಿಸ್ತು ಕಣಯ್ಯಾ! ಕೇಳಿಸ್ತು! ಅಣ್ಣಾ, ಅಣ್ಣಾ, ನಾಯಿ ಸಾಯ್ತಿದೆ ಅಣ್ಣಾ, ಅಂತಿದ್ದ. ಅಣ್ಣ ಅಂತೆ! ಕಳ್ಳನಿಗೆ ನಾನು ಅಣ್ಣ! ಬೆಂಚಲ್ಲಿ ಪಕ್ಕ ಕೂತಿದ್ದ ಇನ್ನೊಬ್ಬ ಡ್ರೈವರ್‌ಗೆ ತೋರಿಸಿದೆ, ನೋಡು, ನಾಯಿ ನೆಪ ಮಾಡ್ಕೊಂಡು ಬಾಗಿಲು ತೆಗೆಸೋಕೆ ನೋಡ್ತಿದ್ದಾನೆ ಅಂತ. ನಕ್ಕೆವು. ಚಹಾ ಪೂರ್ತಿ ಕುಡಿದೆ. ಇನ್ನೊಂದು ತರಿಸಿದೆ. ಇಪ್ಪತ್ತು ನಿಮಿಷ... ಅರ್ಧ ಗಂಟೆ ಇರ್ಬಹುದು. ಸದ್ದು ನಿಂತ ಮೇಲೇನೇ ಎದ್ದದ್ದು ನಾನು. ಬಾಗಿಲು ತೆಗೆದ್ರೆ ಅವನ ಮುಖವೆಲ್ಲ ರಕ್ತ, ಕೈ ಜಾಲರಿಯೊಳಗೆ, ನಾಯಿ ಅವನ ಬೆರಳು ನೆಕ್ತಿತ್ತು. ನನ್ನ ನೋಡಿ ಅವನು ಒಂದು ಮಾತು ಬೈಲಿಲ್ಲ, ಗೊತ್ತಾ? ಮೊದಲು ಅದನ್ನ ಇಳಿಸಿ ಅಂದ.

ಎಲ್ಲಿಗೆ ಹೊರಟೆ? ಆ ಕಾಗದ ಕೊಡು ಇಲ್ಲಿ. ರಟ್ಟಿನ ಚೂರು ಕೊಡು. ಮೇಸ್ತ್ರಿ! ನನಗೆ ಇನ್ನು ಎರಡೇ ವರ್ಷ ಸರ್ವಿಸು... ಯಾರಿಗೆ ಫೋನು? ನಾಯಿಯವನಿಗಾ? ಏ, ಕೋಣೆ ಬಾಗಿಲು ಹಾಕ್ಬೇಡ, ಒಳಗಿಂದ ಚಿಲಕ ಹಾಕ್ಬೇಡ, ಮಾತಾಡೋಣ!

ತೆಗಿ. ತೆಗಿಯೋ, ಬಡ್ಡಿಮಗನೇ!

ಮೇಸ್ತ್ರಿ... ಇಷ್ಟು ತೆಳ್ಳನೆ ಹಲಗೆ ಬಾಗಿಲು, ನಿನಗೆ ಕೇಳಿಸ್ತಿದೆ ಅಂತ ನನಗೆ ಗೊತ್ತು. ತೆಗಿ.

ಅಣ್ಣಾ...