ಒಂಬತ್ತು ಹೃದಯ

ನೀರಿನ ಕಚೇರಿಯ ಮುಚ್ಚಿದ ಕೌಂಟರಿನೆದುರು ದರ್ಜಿ ಹೆಂಗಸು ಬೆಳಗಿನಿಂದ ನಿಂತೇ ಇದ್ದಳು. ಒಳಗೆ ನೌಕರರೆಲ್ಲ ಚಹಾ ಹೀರುತ್ತ, ಕಚೇರಿ ಕೆಲಸಕ್ಕೆ ಸೋಶಿಯಲ್ ಮೀಡಿಯಾ ಬಳಸುವ ಘನಕಾರ್ಯ ಕಲಿಯುತ್ತಿದ್ದರು. ಕೊನೆಗೂ ಇಬ್ಬರು ಗುಮಾಸ್ತರು ಹೊರಬಂದರು.

"ಪೈಪ್ ಒಡೆದಿದೆ ಅಂತ ಒಬ್ಬಳು ನಮ್ಮ ಪೇಜಿಗೆ ಫೋಟೋ ಹಾಕ್ತಿದ್ಲಲ್ಲ, ಏನ್ ಮಾಡ್ದೆ?" ಹಿರಿಯ ಕೇಳಿದ.

"ಹೃದಯ ಒತ್ತಿದೆ ಸಾರ್."

"ಭೇಷ್! ಉತ್ತರ ಕೊಟ್ಟಂಗಾಯ್ತು. ದೂರು ವಿಲೇವಾರಿ ಅಂತ ಬರ್ಕೋ."

"ದಿನಾ ಹಾಕಿ ತಲೆ ತಿಂತಾಳೆ ಸಾರ್."

"ದಿನಾ ಒತ್ತು. ನಿನ್ನ ಗಂಟೇನು ಹೋಗುತ್ತೆ? ವಿಲೇವಾರೀಲಿ ಈ ತಿಂಗಳು ನಾವೇ ಫಸ್ಟು!"

ಹೊರಡುವಾಗ ಹಿರಿಯನ ಕಣ್ಣು ದರ್ಜಿ ಹೆಂಗಸಿನ ಮೇಲೆ ಬಿತ್ತು.

"ಇಲ್ಯಾಕಮ್ಮ ಕಾಯ್ತೀಯಾ? ಫೋಟೋ ತೆಗೆದು ಹಾಕು, ತಕ್ಷಣ ನೋಡ್ತೀವಿ," ಎಂದು ಮೆಟ್ಟಿಲಿಳಿದ.

ಅವಳು ಆಗಲೇ ಒಂಬತ್ತು ಹಾಕಿದ್ದಳು. ಒಂಬತ್ತಕ್ಕೂ ಹೃದಯ ಬಂದಿತ್ತು.