ಎರ್ಸಿರಾಳ ನೀರು

ಇದು ಊರವರು ಕಟ್ಟಿದ ಕತೆ ಅಲ್ಲ. ನನ್ನ ಚಿಕ್ಕಪ್ಪನ ಮಗ ಲಿಯೊನೆಲ್‌ಗೇ ಆದದ್ದು. ಗಿಟಾರ್ ಬಾರಿಸ್ತಾನಲ್ಲ, ಅವನಿಗೆ.

ಅವತ್ತು ಸೋಮವಾರ. ಕಲಾಮಾ ಪೇಟೆಯಿಂದ ಬರೋ ಕೊನೇ ಬಸ್ಸು ಅವನನ್ನ ರಸ್ತೇಲಿ ಇಳಿಸಿ ಹೋಯ್ತು. ಊರಿಗೆ ಅರ್ಧ ಗಂಟೆ ಮರಳು ದಾರಿ. ಮಧ್ಯೆ ಹಾಳು ಬಾವಿ. ಅದರಲ್ಲಿ ನೀರು ಕಂಡವರು ನಮ್ಮ ಮುತ್ತಜ್ಜನ ಕಾಲದವರು. ಬಾವಿ ಹತ್ರ ಬಂದ… ಹಿಂದಿನಿಂದ ಸದ್ದು.

ಕರಕ್… ಕರಕ್…

ಖಾಲಿ ಪ್ಲಾಸ್ಟಿಕ್ ಬಾಟಲಿ ಹಿಸುಕಿದ ಹಾಗೆ. ನಿಂತ. ಅದೂ ನಿಂತಿತು. ನಡೆದ… ಕರಕ್. ಆಮೇಲೆ ಗಂಟಲಿನ ಸದ್ದು. ಗುಟುಕ್… ಗುಟುಕ್… ಬಾಯಲ್ಲಿ ಏನೂ ಇಲ್ಲದೆ ನುಂಗೋ ಸದ್ದು.

ಯಾರು ಅಂತ ಗೊತ್ತಿತ್ತು ಅವನಿಗೆ.

ಬೆಳಿಗ್ಗೆ ಏನಾಗಿತ್ತು ಅಂದ್ರೆ, ಇವರ ರಾಕ್ ಬ್ಯಾಂಡಿನ ಮೊದಲನೇ ಆಲ್ಬಂ ಬರೋದಿತ್ತು. ಮುಖಪುಟದ ಫೋಟೋಗೆ ಅಂತ, ಸಿನಿಮಾದವರು ಮುತ್ತಿಕೊಳ್ಳೋ ಆ ಕೆಂಪು ಬಂಡೆಗಳ ಕಣಿವೆಗೆ ಹೋಗಿದ್ರು. ದಾರಿ ಪಕ್ಕದಲ್ಲೇ ಎರ್ಸಿರಾಳ ಪುಟ್ಟ ಗುಡಿ. ಲಾರಿ ಕೆಟ್ಟು, ನೀರು ಹುಡುಕ್ಕೊಂಡು ಹೋಗಿ, ಬಾಯಾರಿ ಸತ್ತ ಹೆಂಗಸು ಅವಳು. ಆ ದಾರೀಲಿ ಹೋಗೋರು ಅವಳಿಗೆ ಒಂದು ಬಾಟಲಿ ನೀರು ಇಡದೆ ಮುಂದೆ ಹೋಗಲ್ಲ. ಲಿಯೊನೆಲ್‌ನ ಅಮ್ಮನ ಕಡೆ ಅಜ್ಜಿ ಓಟಿಲಿಯಾ ಮೂವತ್ತು ವರ್ಷ ಪ್ರತಿ ಸೋಮವಾರ ತಾನೇ ಹೊತ್ತು ಇಟ್ಟವಳು. ಈಗ ಮಂಡಿ ಹೋಗಿದೆ. ಅದಕ್ಕೇ ಅವತ್ತು ಮೊಮ್ಮಗನ ಕೈಲಿ ಕೊಟ್ಟು ಕಳಿಸಿದ್ಲು, ಬಾಟಲಿ ಕುತ್ತಿಗೆಗೆ ನೀಲಿ ಉಣ್ಣೆ ದಾರ ಕಟ್ಟಿ.

ಫೋಟೋ ತೆಗೆಯೋ ಯಾಸ್ನಾಗೆ, ಹಾಡುಗಾರ ಗಾಸ್ಪರ್‌ನ ತಲೆ ಮೇಲೆ ನೀರು ಸುರೀಬೇಕು ಅಂತ ಆಸೆ. ತಂದ ನೀರೆಲ್ಲ ಕುಡಿದು ಖಾಲಿ.

"ಲೋ, ಗುಡಿ ಮುಂದೆ ಸಾಲಾಗಿ ಇದೆಯಲ್ಲೋ!" ಅಂದ ಗಾಸ್ಪರ್.

"ಅದು ಎರ್ಸಿರಾದು ಕಣೋ."

"ಅವಳೇನು ನಮ್ಮ ಆಲ್ಬಂ ಕೊಳ್ತಾಳಾ? ಪುಕ್ಕಲ! ಅಜ್ಜಿ ಸೆರಗು ಹಿಡ್ಕೊಂಡೇ ಇರು ನೀನು."

ಎಲ್ಲ ಗೊಳ್ಳಂತ ನಕ್ಕರು. ಲಿಯೊನೆಲ್‌ಗೆ ಅವಮಾನ ಆಯ್ತು. ತಾನೇ ಹೋಗಿ ಎಂಟು ಬಾಟಲಿ ತಂದ. "ನಾಳೆ ತುಂಬಿಸಿ ಇಡ್ತೀನಿ ಬಿಡಿ," ಅಂದ. ಎಂಟೂ ಸುರಿದ್ರು. ಇನ್ನೊಂದೇ ಒಂದು ಫೋಟೋ ಅಂದ್ಲು ಯಾಸ್ನಾ. ಅಜ್ಜಿ ಕೊಟ್ಟಿದ್ದ ನೀಲಿ ದಾರದ್ದನ್ನೂ ಲಿಯೊನೆಲ್ ಸುರಿದುಬಿಟ್ಟ.

ಈಗ ಬಾವಿ ಕಡೆಯಿಂದ ಪಿಸುಮಾತು…

"ತಮ್ಮಾ… ನೀರಿದ್ಯಾ?"

"ಇಲ್ಲ ತಾಯಿ… ನಾಳೆ…"

"ಬೆಳಿಗ್ಗೆನೂ ನಾಳೆ ಅಂದ್ಯಲ್ಲಪ್ಪ."

ಎದ್ದೆನೋ ಬಿದ್ದೆನೋ ಅಂತ ಮನೆಗೆ ಓಡಿದ. ಅಜ್ಜಿ ಹಾಸಿಗೇಲಿ ಕೂತು ನೀರು ಕುಡೀತಾ ಇದ್ಲು. ಎರಡು ಹೂಜಿ ಖಾಲಿಯಾಗಿದೆ, ತುಟಿ ಮಾತ್ರ ಒಡೆದು ರಕ್ತ.

"ಸಂಜೆಯಿಂದ ಎಷ್ಟು ಕುಡಿದ್ರೂ ದಾಹ ಹೋಗ್ತಿಲ್ಲ ಕಂದ… ಎರ್ಸಿರಾಗೆ ನೀರು ಇಟ್ಟು ಬಂದ್ಯಾ?"

"ಇಟ್ಟೆ ಅಜ್ಜಿ."

"ನನ್ನ ಬಂಗಾರ," ಅಂತ ಕೆನ್ನೆ ಸವರಿದ್ಲು. ಕೈ ಒಣ ಸೌದೆ ಹಾಗಿತ್ತು. ಅಯ್ಯೋ ಪಾಪಿ, ಅಜ್ಜೀನೇ ಕೊಲ್ತಾ ಇದೀನಲ್ಲ ಅಂದ್ಕೊಂಡ.

ಆ ಹೊತ್ತಲ್ಲಿ ನಮ್ಮನೆ ಬಾಗಿಲು ಬಡಿದ. ಬೈಕ್ ಕೀಲಿ ಕೊಟ್ಟವಳು ನಾನೇ. ಎರಡು ಕ್ಯಾನು ನೀರು ಕಟ್ಕೊಂಡು ಗುಡಿಗೆ ಹೋದ. ಬಾಟಲಿಗಳನ್ನೆಲ್ಲ ತುಂಬಿಸಿ, ಮಣ್ಣಿಗೆ ಹಣೆ ಹಚ್ಚಿ ಅತ್ತನಂತೆ. ವಾಪಸ್ ಬಂದಾಗ ಬೆಳಕು ಹರಿದಿತ್ತು. ಅಜ್ಜಿ ನಿದ್ದೆ ಹೋಗಿದ್ಲು, ಪಕ್ಕದಲ್ಲಿ ಅರ್ಧ ಲೋಟ ನೀರು ಉಳಿದಿತ್ತು.

ನಿಜ ಮಾತ್ರ ಹೇಳಲಿಲ್ಲ ಅವನು.

ಎರಡು ತಿಂಗಳಿಗೆ ಆಲ್ಬಂ ಬಂತು. ಅಜ್ಜಿ ಮುಖಪುಟ ಹತ್ತಿರ ಹಿಡಿದು ನೋಡಿದ್ಲು. ಬಾಟಲಿಯ ನೀಲಿ ದಾರದ ಮೇಲೆ ಬೆರಳಿಟ್ಟಳು… ವಾಪಸ್ ಕೊಟ್ಟಳು. ಬೈಯಲಿಲ್ಲ. ಅವತ್ತಿಂದ ಅವನನ್ನ ಬಂಗಾರ ಅಂತ ಕರೆದಿಲ್ಲ. ಬೈದಿದ್ರೇ ಚೆನ್ನಾಗಿತ್ತು ಅಂತಾನೆ. ಪ್ರತಿ ಸೋಮವಾರ ನಡ್ಕೊಂಡೇ ಹೋಗಿ ನೀರು ಇಟ್ಟು ಬರ್ತಾನೆ.

ನಂಬಲ್ವಾ? ಆ ಆಲ್ಬಂ ನಮ್ಮನೇಲೇ ಇದೆ, ದೀಪ ತನ್ನಿ ಇಲ್ಲಿ. ಅವತ್ತು ಗಾಸ್ಪರ್ ನೆನೆದು ತೊಪ್ಪೆಯಾಗಿದ್ದನ್ನ ಅಲ್ಲಿದ್ದವರೆಲ್ಲ ನೋಡಿದ್ದಾರೆ. ಈಗ ಫೋಟೋ ನೋಡಿ. ಬಾಟಲಿಯಿಂದ ನೀರು ಧಾರೆಯಾಗಿ ಬೀಳ್ತಾ ಇದೆ. ಅವನ ಕೂದಲು ಒಣ. ಅಂಗಿ ಒಣ. ಕಾಲ ಕೆಳಗಿನ ಮಣ್ಣೂ ಒಣ.